ತೋಟಕ್ಕೆ ಹೊಡೆಯೋ ಬೋರ್ಡೋ, ಬಾಟಲಿಗೆ ತುಂಬೋ ಬೋರ್ಡೋ: ಎರಡಕ್ಕೂ ಊರು ಒಂದೇ

ಚನ್ನಗಿರಿ: ಮುಂಗಾರು ಹತ್ತಿರ ಬಂತೆಂದರೆ ಚನ್ನಗಿರಿ, ನ್ಯಾಮತಿ ಕಡೆಯ ಗೊಬ್ಬರ-ಔಷಧಿ ಅಂಗಡಿಗಳಲ್ಲಿ ಮೈಲುತುತ್ತ ಮತ್ತು ಸುಣ್ಣಕ್ಕೆ ಬೇಡಿಕೆ ಶುರುವಾಗುತ್ತದೆ. ಅಡಿಕೆ ಗೊನೆಗೆ ಕೊಳೆರೋಗ ಬರುವ ಮೊದಲೇ ‘ಬೋರ್ಡೋ ಹೊಡೆಸಬೇಕು’ ಅನ್ನೋದು ಇಲ್ಲಿನ ತೋಟದವರಿಗೆ ಬಾಯಿಪಾಠ. ಜಗಳೂರಿನ ದಾಳಿಂಬೆ ಬೆಳೆಗಾರರಿಗೂ, ಎಲೆಬಳ್ಳಿ ಹಾಕಿದವರಿಗೂ ಈ ಹೆಸರು ಹೊಸದಲ್ಲ.

ಆದರೆ ಬೋರ್ಡೋ ಅನ್ನೋದು ಮೂಲದಲ್ಲಿ ಒಂದು ಊರಿನ ಹೆಸರು. ಫ್ರಾನ್ಸ್ ದೇಶದ ನೈರುತ್ಯ ಮೂಲೆಯಲ್ಲಿರುವ ನಗರ ಅದು. ಜಗತ್ತಿಗೆ ಆ ಊರು ಗೊತ್ತಿರುವುದು ಅಲ್ಲಿನ ಕೆಂಪು ವೈನಿನಿಂದ. ಇಲ್ಲಿನ ಅಡಿಕೆ ಉಳಿಸುವ ದ್ರಾವಣ ಹುಟ್ಟಿದ್ದೂ ಅದೇ ವೈನಿನ ದ್ರಾಕ್ಷಿ ತೋಟಗಳಲ್ಲಿ.

ಆ ವೈನ್ ಎಂಥದ್ದು, ಆ ಸೀಮೆಯ ಮಣ್ಣು-ನೀರು ಏನು, ಯಾವ ಊಟಕ್ಕೆ ಅದು ಹೊಂದುತ್ತೆ, ಅಷ್ಟು ಹೆಸರಿದ್ದರೂ ಅಲ್ಲಿನ ರೈತರು ಈಗ ಯಾಕೆ ಬಳ್ಳಿ ಕೀಳುತ್ತಿದ್ದಾರೆ? ಕುಡಿಯುವವರಿಗಷ್ಟೇ ಅಲ್ಲ, ಒಂದೇ ಬೆಳೆಯನ್ನು ನಂಬಿ ಕೂತ ತಾಲ್ಲೂಕುಗಳ ಎಲ್ಲರಿಗೂ ತಿಳಿದಿರಬೇಕಾದ ವಿಷಯ ಇದು.

ಎರಡು ನದಿ ಕೂಡುವ ಸೀಮೆ

ಹೊನ್ನಾಳಿಗೆ ತುಂಗಭದ್ರೆ ಹೇಗೋ, ಬೋರ್ಡೋಗೆ ಗರೋನ್ ನದಿ ಹಾಗೆ. ನಗರ ಬೆಳೆದಿರುವುದೇ ಅದರ ದಂಡೆಯಲ್ಲಿ. ಕೂಡಲಿಯಲ್ಲಿ ತುಂಗೆ-ಭದ್ರೆ ಸೇರುವ ಹಾಗೆ, ನಗರ ದಾಟಿದ ಮೇಲೆ ದೊರ್ದೋನ್ ಎಂಬ ಇನ್ನೊಂದು ನದಿ ಬಂದು ಗರೋನ್ ಜೊತೆ ಕೂಡುತ್ತದೆ. ಎರಡೂ ಸೇರಿ ಜಿರೋಂದ್ ಎಂಬ ಅಗಲವಾದ ಅಳಿವೆಯಾಗಿ ಅಟ್ಲಾಂಟಿಕ್ ಸಾಗರಕ್ಕೆ ಹೋಗುತ್ತವೆ.

ಈ ನೀರಿನ ಎಡದಂಡೆ, ಬಲದಂಡೆ ಅನ್ನೋದೇ ಬೋರ್ಡೋ ವೈನಿನ ಮೊದಲ ಪಾಠ. ಎಡದಂಡೆಯ ಮೆದೊಕ್ ಪ್ರದೇಶದಲ್ಲಿ ಗರಸು, ಉರುಟು ಕಲ್ಲಿನ ಭೂಮಿ. ಮಳೆ ಎಷ್ಟು ಬಂದರೂ ನೀರು ನಿಲ್ಲೋದಿಲ್ಲ. ಹಗಲು ಕಾದ ಕಲ್ಲು ರಾತ್ರಿ ಬಿಸಿ ಬಿಡುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೋವಿನ್ಯಾನ್ ಎಂಬ ತಳಿಗೆ ಇದು ಹೇಳಿ ಮಾಡಿಸಿದ ಜಾಗ. 17ನೇ ಶತಮಾನದಲ್ಲಿ ಡಚ್ ಎಂಜಿನಿಯರ್‌ಗಳು ಕಾಲುವೆ ತೋಡಿ ಜೌಗು ಬಸಿದ ಮೇಲೆಯೇ ಮೆದೊಕ್‌ನಲ್ಲಿ ದೊಡ್ಡ ತೋಟಗಳು ಎದ್ದಿದ್ದು.

ಬಲದಂಡೆಯ ಸೇಂತ್ ಎಮಿಲಿಯೋಂ, ಪೊಮೆರೋಲ್ ಕಡೆ ಜೇಡಿ ಮಣ್ಣು, ಸುಣ್ಣಕಲ್ಲು. ತಂಪು ಹಿಡಿಯುವ ನೆಲ. ಅಲ್ಲಿ ಬೇಗ ಹಣ್ಣಾಗುವ ಮರ್ಲೋ ತಳಿ ರಾಜ. ಸೇಂತ್ ಎಮಿಲಿಯೋಂ ದ್ರಾಕ್ಷಿ ಸೀಮೆಯನ್ನು 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಬೋರ್ಡೋ ಹೆಸರು ಹೊರದೇಶಕ್ಕೆ ಹೋಗಿದ್ದಕ್ಕೆ ಕಾರಣ ಒಂದು ಮದುವೆ. 1152ರಲ್ಲಿ ಆ ಸೀಮೆಯ ಒಡತಿ ಎಲಿನಾರ್, ಹೆನ್ರಿ ಎಂಬುವನನ್ನು ಮದುವೆಯಾದಳು. ಎರಡು ವರ್ಷಕ್ಕೆ ಅವನು ಇಂಗ್ಲೆಂಡಿನ ರಾಜನಾದ. ಅಲ್ಲಿಂದ ಸುಮಾರು 300 ವರ್ಷ, 1453ರವರೆಗೆ, ಬೋರ್ಡೋ ಇಂಗ್ಲಿಷ್ ರಾಜರ ಕೈಯಲ್ಲಿತ್ತು. ವೈನ್ ತುಂಬಿದ ಹಡಗುಗಳು ನೇರವಾಗಿ ಇಂಗ್ಲೆಂಡಿಗೆ ಹೋದವು. ಬೆಳೆ ಎಷ್ಟೇ ಚೆನ್ನಾಗಿರಲಿ, ಮಾರುಕಟ್ಟೆಗೆ ದಾರಿ ಇದ್ದರೇ ಊರಿಗೆ ಹೆಸರು.

ಕಳ್ಳರಿಗೆ ಹೊಡೆದದ್ದು ಔಷಧಿಯಾಯ್ತು

1878ರ ಹೊತ್ತಿಗೆ ಫ್ರಾನ್ಸಿನ ದ್ರಾಕ್ಷಿಗೆ ಅಮೆರಿಕದಿಂದ ಬಂದ ಬೂಜು ತುಪ್ಪಟ ರೋಗ ಅಂಟಿತು. ವಿಜಯಪುರ, ಚಿಕ್ಕಬಳ್ಳಾಪುರದ ಬೆಳೆಗಾರರು ಇವತ್ತಿಗೂ ‘ಡೌನಿ’ ಅಂತ ಕರೆಯುವ ರೋಗ ಇದೇ. ಎಲೆ ಒಣಗಿ ಉದುರಿ, ಕಾಯಿ ಹಣ್ಣಾಗದೆ ತೋಟಗಳು ಬೋಳಾದವು.

ಮೆದೊಕ್‌ನಲ್ಲಿ ರಸ್ತೆ ಬದಿಯ ತೋಟದವರಿಗೆ ಇನ್ನೊಂದು ಕಾಟ. ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನುತ್ತಿದ್ದರು. ಅದಕ್ಕೆ ಬೆಳೆಗಾರರು ಮೈಲುತುತ್ತಕ್ಕೆ ಸುಣ್ಣ ಕಲಸಿ ರಸ್ತೆ ಪಕ್ಕದ ಸಾಲುಗಳಿಗೆ ಎರಚುತ್ತಿದ್ದರು. ನೀಲಿ ಬಣ್ಣ, ಕೆಟ್ಟ ರುಚಿ ನೋಡಿ ಯಾರೂ ಕೈ ಹಾಕುತ್ತಿರಲಿಲ್ಲ.

1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಲಾರ್ದೆ ಈ ದಾರಿಯಲ್ಲಿ ಹೋಗುವಾಗ ಒಂದು ಸಂಗತಿ ಗಮನಿಸಿದರು. ತೋಟದ ಒಳಗಿನ ಬಳ್ಳಿಗಳ ಎಲೆ ಉದುರಿತ್ತು. ರಸ್ತೆ ಬದಿಯ ನೀಲಿ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿತ್ತು. ರಸಾಯನಶಾಸ್ತ್ರಜ್ಞ ಗಯೋಂ ಜೊತೆ ಸೇರಿ ಪ್ರಯೋಗ ಮಾಡಿ, 1885ರಲ್ಲಿ ಅದರ ಪ್ರಮಾಣವನ್ನು ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ.

ಅದು ಅಡಿಕೆ ತೋಟಕ್ಕೆ ಬಂದಿದ್ದು ಲೆಸ್ಲಿ ಕೋಲ್ಮನ್ ಅವರಿಂದ. ಕೆನಡಾದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಮಲೆನಾಡಿನ ಅಡಿಕೆ ಕೊಳೆರೋಗದ ಮೇಲೆ ಅವರ ಅಧ್ಯಯನ 1910ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ರೈತರು ಮಳೆಗಾಲದಲ್ಲಿ ಗೊನೆಗೆ ಕೊಟ್ಟೆ ಕಟ್ಟಿ ಮುಚ್ಚುತ್ತಿದ್ದರು. ಬೋರ್ಡೋ ಸಿಂಪಡಿಸಿದರೆ ರೋಗ ತಡೆಯಬಹುದು ಎಂದು ಕೋಲ್ಮನ್ ತೋರಿಸಿಕೊಟ್ಟರು.

ದ್ರಾಕ್ಷಿಯ ಔಷಧಿ ಅಡಿಕೆಗೆ ಹೇಗೆ ನಾಟುತ್ತೆ? ದ್ರಾಕ್ಷಿಯ ಡೌನಿ ಮತ್ತು ಅಡಿಕೆಯ ಕೊಳೆ ತರುವ ಜೀವಿಗಳು ದಾಯಾದಿಗಳು. ಎರಡೂ ನೀರಿನ ಪಸೆಯಲ್ಲಿ ಈಜಿ ಹರಡುವ ಬೂಜಿನ ಕುಲದವು. ಎಲೆ, ಕಾಯಿಯ ಮೇಲೆ ತಾಮ್ರದ ಪದರ ಇದ್ದರೆ ಮೊಳೆಯಲಾರವು. ಅದಕ್ಕೇ ಬೋರ್ಡೋವನ್ನು ರೋಗ ಬಂದಮೇಲೆ ಹೊಡೆದರೆ ಉಪಯೋಗ ಕಡಿಮೆ, ಮಳೆಗೆ ಮೊದಲು ಹೊಡೆಯಬೇಕು.

ಶೇಕಡ 1ರ ದ್ರಾವಣದ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಉಲ್ಟಾ ಅಲ್ಲ. ಕಬ್ಬಿಣದ ಚಾಕು ಅದ್ದಿ ನೋಡಿದಾಗ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ.

ಬಾಟಲಿಯಲ್ಲಿ ಏನಿದೆ?

ಬೋರ್ಡೋದಲ್ಲಿ ತಯಾರಾಗುವ ವೈನಿನಲ್ಲಿ ನೂರಕ್ಕೆ ಸುಮಾರು 85 ಪಾಲು ಕೆಂಪು. ಅದರ ಗುಣ ಏನೆಂದರೆ, ಸಾಮಾನ್ಯವಾಗಿ ಒಂದೇ ತಳಿಯಿಂದ ಮಾಡೋದಿಲ್ಲ. ಕ್ಯಾಬರ್ನೆ ಸೋವಿನ್ಯಾನ್, ಮರ್ಲೋ, ಕ್ಯಾಬರ್ನೆ ಫ್ರಾಂಕ್ ಹೀಗೆ ಎರಡು-ಮೂರು ತಳಿಯ ರಸವನ್ನು ಬೇರೆ ಬೇರೆ ಹುಳಿ ಬರಿಸಿ, ಆಮೇಲೆ ಹದ ನೋಡಿ ಬೆರೆಸುತ್ತಾರೆ. ಮನೆಯಲ್ಲಿ ಸಾರಿನ ಪುಡಿಗೆ ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ ಅಂತ ಬೆರೆಸುವ ಹಾಗೆ. ಇಲ್ಲಿ ಕ್ಯಾಬರ್ನೆ ಒಗರು ಮತ್ತು ಗಟ್ಟಿತನಕ್ಕೆ, ಮರ್ಲೋ ಮೆದುತನಕ್ಕೆ.

ಒಗರು ಅನ್ನೋದು ಇಲ್ಲಿ ಮುಖ್ಯವಾದ ಮಾತು. ಕೆಂಪು ವೈನಿನ ಪುಸ್ತಕಗಳು ‘ಟ್ಯಾನಿನ್’ ಅಂತ ಪುಟಗಟ್ಟಲೆ ಬರೆಯುತ್ತವೆ. ಚನ್ನಗಿರಿಯವರಿಗೆ ಅದನ್ನು ವಿವರಿಸಬೇಕಿಲ್ಲ. ಎಳೆ ಅಡಿಕೆ ಅಗಿದಾಗ ನಾಲಿಗೆ ಒಣಗಿ, ಕೆನ್ನೆಯ ಒಳಭಾಗ ಬಿಗಿದ ಹಾಗೆ ಆಗುತ್ತಲ್ಲ, ಅದೇ ಟ್ಯಾನಿನ್. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರು ಟ್ಯಾನಿನ್ ತುಂಬಿದ ನೀರೇ. ದ್ರಾಕ್ಷಿಯಲ್ಲಿ ಅದು ಸಿಪ್ಪೆ, ಬೀಜದಲ್ಲಿರುತ್ತದೆ. ಬಿಳಿ ವೈನಿಗೆ ಸಿಪ್ಪೆ ತೆಗೆದು ರಸ ಮಾತ್ರ ಹುಳಿ ಬರಿಸುತ್ತಾರೆ. ಕೆಂಪು ವೈನಿಗೆ ಸಿಪ್ಪೆ, ಬೀಜದ ಸಮೇತ ನೆನೆಹಾಕುತ್ತಾರೆ. ಬಣ್ಣವೂ ಅಲ್ಲಿಂದಲೇ, ಒಗರೂ ಅಲ್ಲಿಂದಲೇ.

ಒಳ್ಳೆಯ ದರ್ಜೆಯ ವೈನನ್ನು ಓಕ್ ಮರದ ಪೀಪಾಯಿಯಲ್ಲಿ ವರ್ಷ, ಒಂದೂವರೆ ವರ್ಷ ಇಡುತ್ತಾರೆ. ಬೋರ್ಡೋ ಪೀಪಾಯಿ ಅಂದರೆ 225 ಲೀಟರ್, ಅಂದರೆ 300 ಬಾಟಲಿ. ಮರದಿಂದಲೂ ಒಂದಿಷ್ಟು ಒಗರು, ಸುಟ್ಟ ವಾಸನೆ ಸೇರುತ್ತದೆ. ಕಾಲ ಕಳೆದಂತೆ ಒಗರು ಮೆತ್ತಗಾಗುತ್ತದೆ.

‘ವೈನ್ ಹಳೇದಾದಷ್ಟೂ ಒಳ್ಳೇದು’ ಅನ್ನೋ ಮಾತು ಎಲ್ಲದಕ್ಕೂ ಸರಿಯಲ್ಲ. ಹತ್ತಾರು ವರ್ಷ ಇಡಬಹುದಾದ ಬೋರ್ಡೋ ಇವೆ, ಅವು ದುಬಾರಿ, ಕಡಿಮೆ. ಸಾಮಾನ್ಯ ಬೋರ್ಡೋ ಬಾಟಲಿಗಳನ್ನು ಮೂರರಿಂದ ಐದು ವರ್ಷದೊಳಗೆ ಮುಗಿಸುವುದೇ ಸರಿ.

ಊಟಕ್ಕೆ ಹೊಂದಿಸೋದು: ಒಗರಿನ ಲೆಕ್ಕ

ಟ್ಯಾನಿನ್ ಬಾಯೊಳಗೆ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಬಾಯಿ ಒಣಗುವುದು. ಜೊತೆಗೆ ಮಾಂಸ, ಕೊಬ್ಬು, ಬೆಣ್ಣೆ ಇದ್ದರೆ ಅಂಟಲು ಅದಕ್ಕೆ ಬೇರೆ ಜಾಗ ಸಿಗುತ್ತದೆ. ವೈನ್ ಮೆತ್ತಗಾಗುತ್ತದೆ, ನಾಲಿಗೆಯ ಜಿಡ್ಡೂ ಹೋಗುತ್ತದೆ. ಖಾರ ಇದಕ್ಕೆ ವಿರುದ್ಧ. ಮೆಣಸಿನಕಾಯಿ ಉರಿಯನ್ನು ಒಗರು ಮತ್ತು ಮದ್ಯಸಾರ ಎರಡೂ ಹೆಚ್ಚಿಸುತ್ತವೆ. ಇಷ್ಟು ತಿಳಿದರೆ ಉಳಿದದ್ದು ಸುಲಭ.

ಕುರಿ ಮಾಂಸ: ಬೋರ್ಡೋದವರ ಮೊದಲ ಆಯ್ಕೆಯೇ ಇದು. ಮೆದೊಕ್‌ನ ಪೊಯಾಕ್ ಎಂಬ ಊರು ವೈನಿಗೂ, ಎಳೆ ಕುರಿಮರಿ ಮಾಂಸಕ್ಕೂ ಹೆಸರುವಾಸಿ. ಜಗಳೂರು ಸೀಮೆಯಲ್ಲಿ ಕುರಿಗೆ ಬರವಿಲ್ಲ. ಒಣಮೆಣಸಿನಕಾಯಿ ಕಡಿಮೆ ಮಾಡಿ, ಕಾಳುಮೆಣಸು, ಬೆಳ್ಳುಳ್ಳಿ, ಈರುಳ್ಳಿ ಹಾಕಿ ಹುರಿದ ಮಟನ್ ಫ್ರೈ ಇದ್ದರೆ ಹೊಂದುತ್ತದೆ. ಬಾಡೂಟದ ಕೆಂಪು ಖಾರದ ಸಾರಿಗೆ ಹೊಂದೋದಿಲ್ಲ. ಮುದ್ದೆಯದೇನೂ ತಕರಾರಿಲ್ಲ, ತಕರಾರು ಸಾರಿನದ್ದು.

ಮೀನು: ತುಂಗಭದ್ರೆಯ ಮೀನಿನ ಹುಳಿ ಸಾರಿಗೆ ಕೆಂಪು ವೈನ್ ಬೇಡ. ಬಾಯಲ್ಲಿ ಕಬ್ಬಿಣದ ವಾಸನೆ ಬಂದಂತಾಗುತ್ತದೆ. ವೈನಿನಲ್ಲಿರುವ ಕಬ್ಬಿಣದ ಅಂಶವೇ ಮೀನಿನ ವಾಸನೆ ಎಬ್ಬಿಸುತ್ತದೆ ಎಂದು 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಆದರೂ ಬೋರ್ಡೋದವರು ಲ್ಯಾಂಪ್ರಿ ಎಂಬ ಹಾವಿನಂಥ ಮೀನನ್ನು ತಮ್ಮ ಕೆಂಪು ವೈನಿನಲ್ಲೇ ಬೇಯಿಸಿ ತಿನ್ನುತ್ತಾರೆ. ಗಂಟೆಗಟ್ಟಲೆ ಬೆಂದ ಮೇಲೆ ವೈನಿನ ಒಗರು ಉಳಿಯೋದಿಲ್ಲ.

ಸಸ್ಯಾಹಾರ: ಶೇಂಗಾ, ಎಳ್ಳು ಅರೆದು ಹಾಕಿದ ಬದನೆಕಾಯಿ ಎಣ್ಣೆಗಾಯಿ, ಅಣಬೆ ಪಲ್ಯ, ಹುರಿದ ಪನ್ನೀರ್, ಗಟ್ಟಿ ಚೀಸ್ ಚೆನ್ನಾಗಿ ಹೊಂದುತ್ತವೆ. ಎಣ್ಣೆ, ಕೊಬ್ಬು ಇರುವುದೇ ಕಾರಣ. ಸ್ವಲ್ಪ ಉಪ್ಪು ಹಾಕಿ ಹುರಿದ ಶೇಂಗಾ ಕೂಡ ಸಾಕು.

ಬೆಣ್ಣೆ ದೋಸೆ: ಬೆಣ್ಣೆ ಮತ್ತು ಆಲೂಗಡ್ಡೆ ಪಲ್ಯದವರೆಗೆ ಸರಿ. ಚಟ್ನಿ ಮುಟ್ಟಿದ ಕೂಡಲೇ ಕೆಟ್ಟಿತು.

ಮಂಡಕ್ಕಿ-ಮಿರ್ಚಿ: ಬೇಡವೇ ಬೇಡ. ಖಾರದ ಮೇಲೆ ಒಗರು ಬಿದ್ದರೆ ಉರಿ ಎರಡರಷ್ಟು.

ಹೋಳಿಗೆ, ಸಿಹಿ: ಸಿಹಿ ತಿಂದ ಬಾಯಿಗೆ ಒಣ ಕೆಂಪು ವೈನ್ ಹುಳಿಯಾಗಿ, ಕಹಿಯಾಗಿ ಕಾಣುತ್ತದೆ. ಬೋರ್ಡೋದಲ್ಲಿ ಸಿಹಿಗೆ ಅಂತಲೇ ಬೇರೆ ಬಿಳಿ ವೈನ್ ಇದೆ. ಊಟದ ಮಧ್ಯೆ ಎಲೆ-ಅಡಿಕೆ ಹಾಕಿಕೊಂಡರಂತೂ ಒಗರಿನ ಮೇಲೆ ಒಗರು, ಯಾವ ರುಚಿಯೂ ತಿಳಿಯೋದಿಲ್ಲ.

ಕೆಂಪು ವೈನನ್ನು ‘ಕೋಣೆಯ ಬಿಸಿಯಲ್ಲಿ’ ಕೊಡಬೇಕು ಅಂತ ಹೇಳುವುದುಂಟು. ಅದು ಚಳಿ ದೇಶದ ಕೋಣೆಯ ಮಾತು. ಬೇಕಿರುವುದು 16ರಿಂದ 18 ಡಿಗ್ರಿ. ಇಲ್ಲಿನ ಬೇಸಿಗೆಯಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು.

ಅಂಗಡಿಯವರಿಗೆ, ಕೊಳ್ಳುವವರಿಗೆ

ತಾಲ್ಲೂಕಿನ ಬಹುತೇಕ ಮದ್ಯದಂಗಡಿಗಳ ಬೋರ್ಡಿನ ಮೇಲೆ ‘ವೈನ್ಸ್’ ಅಂತಲೇ ಇರುತ್ತದೆ. ಒಳಗೆ ಹೆಚ್ಚು ಮಾರಾಟವಾಗುವುದು ವಿಸ್ಕಿ, ಬ್ರಾಂದಿ, ರಮ್ಮು. ಹಾಗಾಗಿ ಎಲ್ಲಾದರೂ ಒಂದು ಬೋರ್ಡೋ ಬಾಟಲಿ ಬಂದರೆ ಮೂಲೆಯ ಶೋಕೇಸಿನಲ್ಲಿ ಬಿಸಿಲಿಗೆ ನಿಂತಿರುತ್ತದೆ. ವೈನ್ ಕೆಡುವುದೇ ಹೀಗೆ. ಬೆಳಕು, ಬಿಸಿ ತಾಗದ ಜಾಗದಲ್ಲಿಡಬೇಕು. ಕಾರ್ಕ್ ಮುಚ್ಚಳದ ಬಾಟಲಿಯನ್ನು ಮಲಗಿಸಿಡಬೇಕು, ಇಲ್ಲವಾದರೆ ಕಾರ್ಕ್ ಒಣಗಿ ಗಾಳಿ ಒಳಗೆ ಹೋಗುತ್ತದೆ. ಒಮ್ಮೆ ತೆರೆದರೆ ಫ್ರಿಜ್ಜಿನಲ್ಲಿ ಎರಡು-ಮೂರು ದಿನವಷ್ಟೇ.

ಲೇಬಲ್ ಮೇಲೆ ನೋಡಬೇಕಾದ್ದು ಮೂರು. ಒಂದು, ದ್ರಾಕ್ಷಿ ಕೊಯ್ದ ವರ್ಷ. ಎರಡು, ಸೀಮೆಯ ಹೆಸರು: ಬರೀ ‘ಬೋರ್ಡೋ’ ಎಂದಿದ್ದರೆ ಇಡೀ ಪ್ರದೇಶದ ಸಾಮಾನ್ಯ ವೈನ್, ‘ಪೊಯಾಕ್’, ‘ಮಾರ್ಗೋ’ ಅಂತ ಊರಿನ ಹೆಸರೇ ಇದ್ದರೆ ನಿಯಮ ಬಿಗಿ, ಬೆಲೆಯೂ ಹೆಚ್ಚು. ಇಂಥ ಸೀಮೆಗಳು ಬೋರ್ಡೋದೊಳಗೇ 60ಕ್ಕೂ ಹೆಚ್ಚಿವೆ. ಮೂರು, ಮದ್ಯಸಾರದ ಪ್ರಮಾಣ. ‘ಶಾತೋ’ ಅಂದರೆ ಅರಮನೆ ಎಂಬ ಅರ್ಥವಿದ್ದರೂ, ಲೇಬಲ್ ಮೇಲೆ ಅದು ತೋಟದ ಹೆಸರಷ್ಟೇ. ಹಲವು ‘ಶಾತೋ’ಗಳಲ್ಲಿ ಇರುವುದು ಸಾಧಾರಣ ತೋಟದ ಮನೆ.

ಬೆಲೆ ಯಾಕೆ ಜಾಸ್ತಿ ಅಂತ ಕೇಳುವವರಿಗೆ: ಹೊರದೇಶದ ವೈನ್ ಮೇಲೆ ಭಾರತ ಬಹಳ ವರ್ಷ 150 ಶೇಕಡ ಆಮದು ಸುಂಕ ಹಾಕಿದೆ. ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆ ಬೇರೆ. ಅಲ್ಲಿ ಅಗ್ಗದ ಬಾಟಲಿ ಇಲ್ಲಿ ಹಬ್ಬದ ಖರ್ಚಾಗುವುದು ಹೀಗೆ.

ಇನ್ನೊಂದು ಲೆಕ್ಕ. ‘ವೈನ್ ಅಂದರೆ ಜ್ಯೂಸ್ ಇದ್ದಂಗೆ’ ಅನ್ನುವವರಿದ್ದಾರೆ. 13 ಶೇಕಡದ 750 ಮಿ.ಲೀ. ಬಾಟಲಿಯಲ್ಲಿ ಸುಮಾರು 97 ಮಿ.ಲೀ. ಮದ್ಯಸಾರ ಇರುತ್ತದೆ. 180 ಮಿ.ಲೀ. ವಿಸ್ಕಿ ಕ್ವಾರ್ಟರ್‌ನಲ್ಲಿ ಇರುವುದು ಸುಮಾರು 77 ಮಿ.ಲೀ. ಅಂದರೆ ಒಂದು ಬಾಟಲಿ ವೈನ್ ಒಂದು ಕ್ವಾರ್ಟರ್‌ಗಿಂತ ಜಾಸ್ತಿ. ಬಾಟಲಿಗೆ ಐದಾರು ಗ್ಲಾಸು, ನಾಲ್ಕು ಜನ, ಊಟದ ಜೊತೆ, ಬೈಕ್ ಕೀಲಿ ಮನೆಯಲ್ಲಿ. ಅಲ್ಲಿನವರು ಕುಡಿಯುವ ಪದ್ಧತಿಯೂ ಊಟದ ಜೊತೆಯೇ.

ಖೇಣಿ ಅಲ್ಲೂ ಇದೆ, ದಲ್ಲಾಳಿಯೂ ಇದ್ದಾನೆ

ಮಂಡಿ ವ್ಯವಹಾರ ಗೊತ್ತಿರುವವರಿಗೆ ಬೋರ್ಡೋ ವ್ಯಾಪಾರ ಅರ್ಥವಾಗಲು ಕಷ್ಟವಿಲ್ಲ. ದೊಡ್ಡ ತೋಟಗಳು ನೇರವಾಗಿ ಗಿರಾಕಿಗೆ ಮಾರುವುದು ಕಡಿಮೆ. ತೋಟದಿಂದ ಸಗಟು ವ್ಯಾಪಾರಿ, ನಡುವೆ ಒಬ್ಬ ದಲ್ಲಾಳಿ. ದಲ್ಲಾಳಿಯ ಪಾಲು ಹಿಂದಿನಿಂದಲೂ ನೂರಕ್ಕೆ ಎರಡು.

ಖೇಣಿಗೆ ಹತ್ತಿರದ ಪದ್ಧತಿಯೂ ಇದೆ. ಶರತ್ಕಾಲದಲ್ಲಿ ಕೊಯ್ದ ದ್ರಾಕ್ಷಿಯ ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ, ಮುಂದಿನ ವಸಂತಕ್ಕೆ ವ್ಯಾಪಾರಿಗಳು ರುಚಿ ನೋಡಿ ಹಣ ಕೊಟ್ಟು ಕಾಯ್ದಿರಿಸುತ್ತಾರೆ. ಬಾಟಲಿ ಕೈಗೆ ಬರುವುದು ವರ್ಷ-ಎರಡು ವರ್ಷದ ಮೇಲೆ. ಅಷ್ಟರಲ್ಲಿ ಬೆಲೆ ಏರಿದರೆ ಕೊಂಡವನಿಗೆ ಲಾಭ, ಇಳಿದರೆ ನಷ್ಟ. ತೋಟದವನಿಗೆ ಮಾತ್ರ ಮುಂಗಡ ಸಿಕ್ಕಿರುತ್ತದೆ.

1855ರಲ್ಲಿ ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನಕ್ಕೆ ಅಂತ ಮೂರನೇ ನೆಪೋಲಿಯನ್ ಬೋರ್ಡೋ ವೈನುಗಳ ದರ್ಜೆ ಪಟ್ಟಿ ಕೇಳಿದ. ಪಟ್ಟಿ ಮಾಡಿಕೊಟ್ಟಿದ್ದು ದಲ್ಲಾಳಿಗಳು. ರುಚಿ ನೋಡಿ ಅಲ್ಲ, ವರ್ಷಾನುಗಟ್ಟಲೆ ಯಾವ ತೋಟಕ್ಕೆ ಎಷ್ಟು ಬೆಲೆ ಸಿಕ್ಕಿದೆ ಎಂಬ ಲೆಕ್ಕ ನೋಡಿ. ಐದು ದರ್ಜೆ, ಮೊದಲ ದರ್ಜೆಯಲ್ಲಿ ನಾಲ್ಕೇ ತೋಟ. 1973ರಲ್ಲಿ ಮೂತೋಂ ರೋಥ್‌ಶೀಲ್ಡ್ ಎಂಬ ತೋಟ ಎರಡನೇ ದರ್ಜೆಯಿಂದ ಮೊದಲಿಗೆ ಏರಿತು. ಅದು ಬಿಟ್ಟರೆ ಮೇಲಿನ ದರ್ಜೆ ಇವತ್ತಿಗೂ ಹಾಗೇ ಇದೆ.

1930ರ ದಶಕದಲ್ಲಿ ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟಿತು. ಯಾವ ಗಡಿಯೊಳಗೆ ಬೆಳೆದ, ಯಾವ ತಳಿಯ, ಎಕರೆಗೆ ಎಷ್ಟು ಇಳುವರಿ ಮೀರದ ದ್ರಾಕ್ಷಿಗೆ ‘ಬೋರ್ಡೋ’ ಹೆಸರು ಸಲ್ಲುತ್ತೆ ಅಂತ ಕಾನೂನಾಯಿತು. ಭಾರತದಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ, ಶಿರಸಿ ಅಡಿಕೆಗೆ ಸಿಕ್ಕಿರುವ ಭೌಗೋಳಿಕ ಸೂಚಕ ಅಂದರೆ ಜಿಐ ಟ್ಯಾಗ್ ಇದೇ ಜಾತಿಯದು.

ಹಾಗಾಗಿ ವಿಚಿತ್ರ ನೋಡಿ: ಬೇರೆ ಊರಿನವರು ಬಾಟಲಿ ಮೇಲೆ ‘ಬೋರ್ಡೋ’ ಅಂತ ಬರೆದರೆ ಕೇಸು. ಡ್ರಮ್ಮಿನಲ್ಲಿ ಕಲಸುವ ಬೋರ್ಡೋಗೆ ಯಾರ ಅಪ್ಪಣೆಯೂ ಬೇಡ. ಅತ್ತ, ಚನ್ನಗಿರಿಯ ರಾಶಿ ಅಡಿಕೆ ಉತ್ತರ ಭಾರತಕ್ಕೆ ಹೋಗಿ ಪುಡಿಯಾಗಿ ಪೊಟ್ಟಣ ಸೇರಿದ ಮೇಲೆ, ಆ ಪೊಟ್ಟಣದ ಮೇಲೆ ತೋಟದ ಊರಿನ ಹೆಸರು ಇರುವುದಿಲ್ಲ.

ಕರ್ನಾಟಕದಲ್ಲಿ ಬೋರ್ಡೋ ದ್ರಾಕ್ಷಿ

ಬೋರ್ಡೋದ ತಳಿಗಳು ಈ ರಾಜ್ಯದಲ್ಲೂ ಬೆಳೆಯುತ್ತವೆ. 1988ರಲ್ಲಿ ಕನ್ವಲ್ ಗ್ರೋವರ್ ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳ ತೋಟ ಕಟ್ಟಿದರು. 1990ರ ದಶಕದಲ್ಲಿ ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. ಕ್ಯಾಬರ್ನೆ ಸೋವಿನ್ಯಾನ್‌ಗೆ ಶಿರಾಜ್ ಬೆರೆಸಿದ ‘ಲಾ ರಿಸರ್ವ್’ ಅಲ್ಲಿನದೇ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಾರಸ ನೀತಿ ತಂದು, ವೈನ್ ಬೋರ್ಡ್ ಸ್ಥಾಪಿಸಿತು. ನಂದಿ, ಕೃಷ್ಣಾ, ಕಾವೇರಿ ಕಣಿವೆಗಳು ಮತ್ತು ಹಂಪಿ ಬೆಟ್ಟ ಪ್ರದೇಶ ವೈನ್ ಸೀಮೆಗಳಾದವು.

ತಳಿ ಒಂದೇ ಆದರೂ ಕಾಲ ಬೇರೆ. ಬೋರ್ಡೋದಲ್ಲಿ ಕೊಯ್ಲು ಸೆಪ್ಟೆಂಬರ್-ಅಕ್ಟೋಬರ್. ಇಲ್ಲಿ ಮಳೆ ಮುಗಿದ ಮೇಲೆ ಚಾಟನಿ ಮಾಡಿ ಫೆಬ್ರುವರಿ-ಮಾರ್ಚ್‌ಗೆ ಕೊಯ್ಯುತ್ತಾರೆ. ಇಲ್ಲಿನ ಬಾಟಲಿಗೆ ಆಮದು ಸುಂಕ ಇಲ್ಲ, ಆದ್ದರಿಂದ ಆ ರುಚಿ ಹೇಗಿರುತ್ತೆ ಅಂತ ತಿಳಿಯಬೇಕೆನ್ನುವವರಿಗೆ ರಾಜ್ಯದ ಕ್ಯಾಬರ್ನೆಯೇ ಕೈಗೆಟಕುವ ದಾರಿ.

ತಳಿಗೂ ಕಾನೂನಿನ ಕಾಟ ಇದೆ. 2013ರಲ್ಲಿ ಜಿಐ ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿ ಅಮೆರಿಕ ಮೂಲದ ಇಸಾಬೆಲ್ಲಾ ತಳಿಯದೇ ಎನ್ನಲಾಗುತ್ತದೆ. ಆ ಇಸಾಬೆಲ್ಲಾವನ್ನು ವೈನಿಗೆ ಬೆಳೆಯಬಾರದು ಅಂತ ಫ್ರಾನ್ಸ್ 1930ರ ದಶಕದಲ್ಲೇ ನಿಷೇಧಿಸಿತು. ಅಲ್ಲಿ ಬೇಡವಾದ ಹಣ್ಣಿಗೆ ಇಲ್ಲಿ ಊರಿನ ಹೆಸರಿನ ಗೌರವ.

ಹೆಸರಿದ್ದರೂ ಬಳ್ಳಿ ಕಿತ್ತರು

ಇಷ್ಟೆಲ್ಲ ಇದ್ದ ಬೋರ್ಡೋಗೆ ಈಗ ಕಷ್ಟ ಬಂದಿದೆ. ಸುಮಾರು ಒಂದು ಲಕ್ಷ ಹೆಕ್ಟೇರ್‌ನಲ್ಲಿ ಬೆಳೆ ಒಂದೇ ಇತ್ತು. 1960ರ ಹೊತ್ತಿಗೆ ಫ್ರಾನ್ಸಿನಲ್ಲಿ ತಲಾ ವರ್ಷಕ್ಕೆ 100 ಲೀಟರ್‌ಗೂ ಹೆಚ್ಚು ವೈನ್ ಖರ್ಚಾಗುತ್ತಿತ್ತು, ಈಗ ಅದರ ಅರ್ಧವೂ ಇಲ್ಲ. ಹೊಸ ತಲೆಮಾರು ಕೆಂಪು ವೈನ್ ಕಡಿಮೆ ಮಾಡಿದೆ. ದೊಡ್ಡ ಗಿರಾಕಿಯಾಗಿದ್ದ ಚೀನಾ ಕೊಳ್ಳುವುದು ಇಳಿಸಿತು. ಮೊದಲ ದರ್ಜೆಯ ತೋಟಗಳಿಗೆ ಇದು ಅಷ್ಟಾಗಿ ತಟ್ಟಲಿಲ್ಲ. ಬರೀ ‘ಬೋರ್ಡೋ’ ಹೆಸರಲ್ಲಿ ಮಾರುವ ಸಣ್ಣ ಬೆಳೆಗಾರರಿಗೆ ಅಸಲೂ ಹುಟ್ಟದಂತಾಯಿತು.

2023ರಲ್ಲಿ ಬಳ್ಳಿ ಕೀಳುವವರಿಗೆ ಹೆಕ್ಟೇರಿಗೆ 6,000 ಯೂರೋ ಕೊಡುವ ಯೋಜನೆ ಬಂತು. ಆಗಿನ ದರದಲ್ಲಿ 5 ಲಕ್ಷ ರೂಪಾಯಿಗೂ ಹೆಚ್ಚು. ಗುರಿ ಸುಮಾರು 9,500 ಹೆಕ್ಟೇರ್, ಅಂದರೆ 23 ಸಾವಿರ ಎಕರೆ ದಾಟಿದ ತೋಟ. ಕಿತ್ತ ಜಾಗವನ್ನು ಕಾಡಿಗೆ, ಹುಲ್ಲಿಗೆ ಬಿಡಬೇಕು ಅಥವಾ ಬೇರೆ ಬೆಳೆಗೆ ತಿರುಗಿಸಬೇಕು. ಬಿಸಿಲು ಏರುತ್ತಿರುವುದರಿಂದ ಮರ್ಲೋ ಬೇಗ ಹಣ್ಣಾಗಿ ವೈನ್ ಕಡಕ್ ಆಗುತ್ತಿದೆ. ಅದಕ್ಕೆ 2021ರಲ್ಲಿ ಆರು ಹೊಸ ತಳಿಗಳನ್ನು ಸ್ವಲ್ಪ ಪ್ರಮಾಣದಲ್ಲಿ ಬೆಳೆಯಲು ಅನುಮತಿ ಕೊಟ್ಟರು.

ತಾಮ್ರದ್ದೂ ಒಂದು ಬಿಲ್ ಬಾಕಿ ಇದೆ. 140 ವರ್ಷ ಬೋರ್ಡೋ ದ್ರಾವಣ ಹೊಡೆದ ಅಲ್ಲಿನ ಮಣ್ಣಿನಲ್ಲಿ ತಾಮ್ರ ಕೂಡಿದೆ, ಅದು ಕರಗಿ ಹೋಗುವುದಿಲ್ಲ. ಎರೆಹುಳುವಿಗೆ ಅದು ಆಗದು. ಈಗ ಯುರೋಪಿನಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರದ ಮಿತಿ ಇದೆ. ಇಲ್ಲಿನ ತೋಟದವರೂ ಶಿಫಾರಸು ಮಾಡಿದ ಪ್ರಮಾಣ ಮೀರದೆ, ಆಗಾಗ ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಭದ್ರಾ ನಾಲೆಯ ನೀರು ಹರಿಯುವ ಕಡೆ ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾಗಿವೆ. ಬೋರ್‌ವೆಲ್ ನಂಬಿದವರೂ ಸಸಿ ಇಟ್ಟಿದ್ದಾರೆ. ಅಡಿಕೆಯ ಮೇಲೆ ಆರೋಗ್ಯದ ಪ್ರಶ್ನೆಯೂ ಇದೆ: ಮದ್ಯದ ಹಾಗೆ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಗಿರಾಕಿಯ ಬಾಯಿರುಚಿ, ಸರ್ಕಾರದ ನೀತಿ, ಮಳೆ ಈ ಮೂರರಲ್ಲಿ ಒಂದು ತಿರುಗಿದರೂ ಒಂದೇ ಬೆಳೆಯ ಊರಿಗೆ ಪೆಟ್ಟು ಬೀಳುತ್ತದೆ. ಕಾನೂನು, ದರ್ಜೆ ಪಟ್ಟಿ, ಜಗತ್ತಿನ ಹೆಸರು ಎಲ್ಲ ಇದ್ದ ಬೋರ್ಡೋಗೇ ಬಿದ್ದಿದೆ.

ತೋಟದೊಳಗೇ ಕಾಳುಮೆಣಸು, ಬಾಳೆ, ಕೋಕೋ, ಜಾಯಿಕಾಯಿ ಹಾಕಿ ಅಂತ ತೋಟಗಾರಿಕೆ ಇಲಾಖೆ ವರ್ಷಗಳಿಂದ ಹೇಳುತ್ತಲೇ ಬಂದಿದೆ. ಬೆಲೆ ಮೇಲಿರುವಾಗ ಆ ಮಾತು ಕಿವಿಗೆ ಬೀಳುವುದು ಕಷ್ಟ. ಬೋರ್ಡೋದ ಸಣ್ಣ ಬೆಳೆಗಾರರೂ ಬೆಲೆ ಇದ್ದಾಗ ಹೊಸ ಬಳ್ಳಿ ನೆಟ್ಟವರೇ. ಕೀಳುವ ಕೂಲಿಗೆ ಸರ್ಕಾರದ ಮುಂದೆ ಅರ್ಜಿ ಹಿಡಿದು ನಿಂತಿದ್ದು ಆಮೇಲೆ.